ಶಾಸಕರ ಮನೆಯಂಗಳದಲ್ಲಿ ಒಂದು ವಾರ

(ಪದವಿ ಕಾಲೇಜೊಂದರ ರಾಜ್ಯಶಾಸ್ತ್ರ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ನಿಮ್ಮ ಪುಸ್ತಕದಲ್ಲಿ ಶಾಸಕರ ಕೆಲಸಗಳು ಅಂತ ಒಂದು ಅಧ್ಯಾಯ ಇದೆಯಲ್ಲ, ಕಾನೂನು ಮಾಡುವುದು, ಬಜೆಟ್ಟಿಗೆ ಒಪ್ಪಿಗೆ ಕೊಡುವುದು, ಸರ್ಕಾರವನ್ನು ಪ್ರಶ್ನಿಸುವುದು ಅಂತ, ಪರೀಕ್ಷೆಯಲ್ಲಿ ಅದನ್ನೇ ಬರೆಯಿರಿ. ನಾನು ಇವತ್ತು ಹೇಳುವುದನ್ನು ಬರೆದರೆ ಅಂಕ ಬರುತ್ತದೆ ಅನ್ನುವ ಭರವಸೆ ಇಲ್ಲ. 2013ರಿಂದ 2023ರವರೆಗೆ ಹತ್ತು ವರ್ಷ ನಾನು ಶಾಸಕರ ಆಪ್ತ ಸಹಾಯಕನಾಗಿದ್ದೆ. ಮೊದಲ ಐದು ವರ್ಷ ಒಬ್ಬರ ಬಳಿ, ಆಮೇಲಿನ ಐದು ವರ್ಷ ಅವರನ್ನು ಸೋಲಿಸಿ ಬಂದವರ ಬಳಿ. ಗೆದ್ದವರು ಸೋತವರ ಪಿಎಯನ್ನು ಇಟ್ಟುಕೊಳ್ಳುವುದು ಅಪರೂಪ. ಯಾವ ಕಾಗದ ಯಾರ ಮೇಜಿನ ಮೇಲೆ ಕೂತಿದೆ ಅಂತ ಗೊತ್ತಿದ್ದವನು ನಾನೊಬ್ಬನೇ, ಅದಕ್ಕೆ ಉಳಿಸಿಕೊಂಡರು. ಅವರ ಹಿಂದೆ ಮುಂದೆ ಓಡಾಡುವವರಿಗೆ ಮಾತ್ರ ನಾನು ಕೊನೆವರೆಗೂ ‘ಆ ಕಡೆಯವನು’.

ಇಬ್ಬರದೂ ಪಕ್ಷ ಬೇರೆ, ಸ್ವಭಾವವಂತೂ ಉತ್ತರ ದಕ್ಷಿಣ. ಆದರೆ ಬೆಳಿಗ್ಗೆ ಬರುತ್ತಿದ್ದ ಜನ ಅವರೇ, ಕೈಯಲ್ಲಿದ್ದ ಕಾಗದವೂ ಅದೇ. ಅವರು ಚಪ್ಪಲಿ ಬಿಡುವ ಬಾಗಿಲು ಮಾತ್ರ ಬದಲಾಗಿತ್ತು.

ನಮ್ಮದು ಬಯಲುಸೀಮೆಯ ತಾಲ್ಲೂಕು. ಶಾಸಕರು ಊರಲ್ಲಿದ್ದಾರೆ ಅಂದರೆ ಬೆಳಿಗ್ಗೆ ಆರೂವರೆಗೆಲ್ಲ ಅಂಗಳ ತುಂಬಿರುತ್ತದೆ. ಅಷ್ಟು ಬೇಗ ಯಾಕೆ ಬರುತ್ತಾರೆ? ಹೊತ್ತೇರಿದರೆ ಶಾಸಕರು ಕಾರು ಹತ್ತುತ್ತಾರೆ. ಆಮೇಲೆ ಸಿಗುವುದು ಅವರ ಕಾರಿನ ಧೂಳು. ಹಿಂದಿನ ದಿನ ಸಂಜೆಯ ಕೊನೇ ಬಸ್ಸಿಗೇ ಬಂದು, ಬಸ್‌ಸ್ಟ್ಯಾಂಡಿನಲ್ಲಿ ಟವೆಲ್ ಹಾಸಿ ಮಲಗಿದ್ದು ಬೆಳಿಗ್ಗೆ ನಲ್ಲಿಯಲ್ಲಿ ಮುಖ ತೊಳೆದು ಬರುವವರೂ ಇರುತ್ತಿದ್ದರು.

ಏನು ಹೇಳಿಕೊಂಡು ಬರುತ್ತಾರೆ? ಐದಾರು ಜನ ರೈತರು ಗುಂಪಾಗಿ ಬಂದರೆ ಟಿಸಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್, ಸುಟ್ಟಿದೆ ಅಂತಲೇ ಅರ್ಥ, ಕೇಳುವುದೇ ಬೇಡ. ಒಂಟಿಯಾಗಿ ಹೆಣ್ಣುಮಗಳೊಬ್ಬಳು ಕಂಬದ ಪಕ್ಕ ನಿಂತಿದ್ದಾಳೆ ಅಂದರೆ ವಿಧವಾ ವೇತನ ನಿಂತಿದೆ, ಆಧಾರ್ ಹೊಂದಿಕೆ ಆಗುತ್ತಿಲ್ಲ, ಬ್ಯಾಂಕಿನವರು ನಾಡಕಚೇರಿಗೆ ಹೋಗು ಅಂತಾರೆ, ನಾಡಕಚೇರಿಯವರು ಬ್ಯಾಂಕಿಗೆ ಹೋಗು ಅಂತಾರೆ. ಇಸ್ತ್ರಿ ಮಾಡಿದ ಷರ್ಟು, ಕೈಯಲ್ಲೊಂದು ಫೈಲು ಇದ್ದರೆ ಮೇಷ್ಟ್ರು, ವರ್ಗಾವಣೆ. ಜೂನ್ ತಿಂಗಳಾದರೆ ಹಾಸ್ಟೆಲ್ ಸೀಟು. ಮಾರ್ಚ್ ಏಪ್ರಿಲ್ ಆದರೆ ಖಾಲಿ ಕೊಡ. ರಾತ್ರಿ ಎರಡು ಗಂಟೆಗೆ ಫೋನು ಬಂದರೆ ಯಾರನ್ನೋ ಬೆಂಗಳೂರಿನ ಜಯದೇವಕ್ಕೋ ನಿಮ್ಹಾನ್ಸಿಗೋ ಕರೆದುಕೊಂಡು ಹೋಗಿದ್ದಾರೆ, ‘ಸಾಹೇಬ್ರಿಂದ ಒಂದು ಮಾತು ಹೇಳ್ಸಿ ಸಾ’.

ಇವರ ನಡುವೆ ಒಬ್ಬ ಯಜಮಾನರು ಬರುತ್ತಿದ್ದರು. ಹೆಸರು ಬೇಡ. ಗೊಬ್ಬರದ ಚೀಲ ಕತ್ತರಿಸಿ ಹೊಲಿದ ಒಂದು ಕೈಚೀಲ, ಅದರೊಳಗೆ ಪ್ಲಾಸ್ಟಿಕ್ ಕವರು, ಕವರಿನೊಳಗೆ ಹಳೇ ಲಗ್ನಪತ್ರಿಕೆಯ ಲಕೋಟೆ, ಲಕೋಟೆಯೊಳಗೆ ಕಾಗದ. ಒಂದೊಂದೇ ಪದರ ಬಿಚ್ಚುವಷ್ಟರಲ್ಲಿ ಹಿಂದೆ ನಿಂತವರು ಗೊಣಗುತ್ತಿದ್ದರು. ಒಳಗಿದ್ದದ್ದು ನಮೂನೆ 53ರ ಅರ್ಜಿಯ, ಅಂದರೆ ಉಳುತ್ತಿದ್ದ ಸರ್ಕಾರಿ ಜಮೀನು ಸಕ್ರಮ ಮಾಡಿಕೊಡಿ ಅಂತ ಕೊಟ್ಟ ಅರ್ಜಿಯ ಸ್ವೀಕೃತಿ ಚೀಟಿ, 1999ರದ್ದು. ಜೊತೆಗೆ ಸರ್ಕಾರಿ ಜಮೀನು ಉಳುತ್ತಿದ್ದುದಕ್ಕೆ ದಂಡ ಕಟ್ಟಿದ ಎರಡು ರಸೀದಿ. ದಂಡದ ರಸೀದಿಯನ್ನು ಯಾರಾದರೂ ದೇವರ ಪ್ರಸಾದದ ಹಾಗೆ ಕಾಪಾಡಿಕೊಳ್ಳುತ್ತಾರಾ? ಬಗರ್‌ಹುಕುಂ ರೈತ, ಅಂದರೆ ಅನುಮತಿ ಇಲ್ಲದೆ ಸರ್ಕಾರಿ ಜಮೀನು ಉಳುವವನು, ಕಾಪಾಡಿಕೊಳ್ಳುತ್ತಾನೆ. ಅವನು ಅಲ್ಲಿ ಉಳುತ್ತಿದ್ದ ಅನ್ನುವುದಕ್ಕೆ ಸರ್ಕಾರವೇ ಕೊಟ್ಟ ಸಾಕ್ಷಿ ಅದು. ಎರಡು ಎಕರೆ ಹತ್ತು ಗುಂಟೆ. ಅರ್ಜಿ ಕೊಟ್ಟಾಗ ಮಗನಿಗೆ ಎಂಟು ವರ್ಷವಂತೆ. ನಾನು ನೋಡುವ ಹೊತ್ತಿಗೆ ಆ ಮಗ ಟೆಂಪೋ ಓಡಿಸುತ್ತಿದ್ದ. ಇವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬಂದವರಿಗೆಲ್ಲ ನಾವು ಕೊಡುತ್ತಿದ್ದದ್ದು ಏನು? ಲೆಟರು. ಲೆಟರ್‌ಹೆಡ್ಡಿನ ಮೇಲೆ ನಾಲ್ಕು ಸಾಲು ಟೈಪು ಮಾಡಿ, ಸಹಿ ಹಾಕಿಸಿ, ಸೀಲು ಒತ್ತಿ ಕೊಡುವುದು. ಆ ನಾಲ್ಕು ಸಾಲಿಗೂ ಒಂದು ವ್ಯಾಕರಣ ಇದೆ. ‘ನಿಯಮಾನುಸಾರ ಪರಿಶೀಲಿಸಿ ಕ್ರಮ ಕೈಗೊಳ್ಳುವುದು’ ಅಂತ ಬರೆದರೆ ಅಧಿಕಾರಿ ಅದನ್ನು ಫೈಲಿಗೆ ಸೇರಿಸಿ ಸುಮ್ಮನಾಗುತ್ತಾನೆ. ‘ಕೂಡಲೇ ಮಾಡಿಕೊಡುವುದು’ ಅಂತಿದ್ದರೆ ಒಂದು ಸಲ ತಲೆ ಎತ್ತಿ ನೋಡುತ್ತಾನೆ. ಲೆಟರಿನ ಹಿಂದೆಯೇ ಫೋನು ಹೋದರೆ ಮಾತ್ರ ಕೆಲಸ ನಡೆಯುತ್ತದೆ. ಈ ಗುಟ್ಟು ಜನಕ್ಕೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ‘ಲೆಟರ್ ಬ್ಯಾಡ ಸಾ, ಒಂದು ಫೋನ್ ಮಾಡ್ಸಿ’ ಅಂತ ಬಾಯಿಬಿಟ್ಟೇ ಕೇಳುತ್ತಿದ್ದರು. ದಿನಕ್ಕೆ ಎಷ್ಟು ಲೆಟರು ಹೊಡೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಬೆರಳಚ್ಚು ಕಲಿಸಿದ ಗುರುಗಳನ್ನು ಮಾತ್ರ ದಿನಾ ನೆನೆಯುತ್ತಿದ್ದೆ.

ಈಗ ನೀವೇ ಯೋಚನೆ ಮಾಡಿ. ಟಿಸಿ ಬದಲಾಯಿಸುವುದು ವಿದ್ಯುತ್ ಕಂಪನಿಯ ಕೆಲಸ. ಪಿಂಚಣಿ ಸರಿಮಾಡುವುದು ಕಂದಾಯ ಇಲಾಖೆಯದ್ದು. ಚರಂಡಿ, ಬೀದಿದೀಪ ಗ್ರಾಮ ಪಂಚಾಯಿತಿಯದ್ದು. ಇವುಗಳಲ್ಲಿ ಒಂದೂ ಶಾಸಕರ ಕೆಲಸ ಅಲ್ಲ. ಅವರು ಮಾಡುವುದು ಬೇರೆಯವರ ಕೈಲಿ ಅವರವರ ಕೆಲಸ ಮಾಡಿಸುವುದು. 2023ರ ಚುನಾವಣೆಯಲ್ಲಿ ರಾಜ್ಯದ ಮತದಾರರು ಸುಮಾರು 5.3 ಕೋಟಿ, ಕ್ಷೇತ್ರ 224. ಭಾಗಿಸಿದರೆ ಒಬ್ಬ ಶಾಸಕರ ಪಾಲಿಗೆ 2.3 ಲಕ್ಷದ ಮೇಲೆ. ಇಷ್ಟು ಜನಕ್ಕೆ ಒಬ್ಬರೇ ಫೋನು ಮಾಡುತ್ತಾ ಕೂತರೆ ಏನಾಗುತ್ತದೆ? ಫೋನು ಮಾಡಿಸಿಕೊಳ್ಳುವಷ್ಟು ಹತ್ತಿರ ಇರುವವನ ಕೆಲಸ ಆಗುತ್ತದೆ. ಕಂಬದ ಪಕ್ಕ ನಿಂತ ಹೆಣ್ಣುಮಗಳದ್ದು ನಾಳೆಗೆ.

ಹೀಗೇ ಇರಬೇಕಾಗಿರಲಿಲ್ಲ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಅಂತ ಮಂತ್ರಿಯಿದ್ದರು. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಅಂತಲೇ ಕರೆದರು. 1983ರ ಪಂಚಾಯತ್ ರಾಜ್ ಕಾಯ್ದೆಯ ಹಿಂದಿದ್ದವರು ಅವರೇ. 1987ರಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳು ಬಂದವು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಊರಿನ ಕೆಲಸ ಊರಿನವರ ಹತ್ತಿರವೇ ಕೇಳಿ, ಶಾಸಕರು ಶಾಸನ ಸಭೆಯ ಕೆಲಸ ಮಾಡಲಿ ಅನ್ನುವುದು ಅದರ ಹುರುಳು. ನಮ್ಮಪ್ಪ ಮಂಡಲ ಪಂಚಾಯಿತಿ ಸದಸ್ಯರಾಗಿದ್ದವರು. ಆ ಕಾಲದಲ್ಲಿ ಶಾಸಕರ ಮನೆಗೆ ಹೋದ ನೆನಪೇ ಇಲ್ಲ ಅನ್ನುತ್ತಿದ್ದರು. ಈಗ ನೋಡಿ, ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಆ ಸದಸ್ಯರ ಮನೆ ಮುಂದೆ ನಿಲ್ಲುತ್ತಿದ್ದವರೆಲ್ಲ ನಮ್ಮ ಅಂಗಳಕ್ಕೆ ಬಂದರು. ಎರಡು ಬೆಂಚು ಹೆಚ್ಚಿಗೆ ಮಾಡಿಸಬೇಕಾಯಿತು. ಯಾವ ಪಕ್ಷದ ಶಾಸಕರೂ ಇದಕ್ಕೆ ಗಟ್ಟಿಯಾಗಿ ತಕರಾರು ಎತ್ತಿದ್ದನ್ನು ನಾನು ಕಾಣಲಿಲ್ಲ. ಅಂಗಳ ತುಂಬಿದ್ದರೆ ಯಾರಿಗೆ ಬೇಜಾರು?

ಅಂಗಳ ಮುಗಿಯುವುದು ಒಂಬತ್ತೂವರೆಗೆ. ಆಮೇಲೆ ಸಮಿತಿಗಳು. ಶಾಸಕರು ಎಷ್ಟು ಸಮಿತಿಗೆ ಅಧ್ಯಕ್ಷರು ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ. ನಿಮ್ಮ ಕಾಲೇಜು ಅಭಿವೃದ್ಧಿ ಸಮಿತಿಗೂ ಅವರೇ. ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ, ನಿವೇಶನಕ್ಕೆ ಆಶ್ರಯ ಸಮಿತಿ, ಗಂಗಾ ಕಲ್ಯಾಣದ ಕೊಳವೆಬಾವಿಗೆ ಫಲಾನುಭವಿ ಆಯ್ಕೆ ಸಮಿತಿ. ಮೂರು ತಿಂಗಳಿಗೊಮ್ಮೆ ಕೆಡಿಪಿ, ಅಂದರೆ ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮದ ತಾಲ್ಲೂಕು ಪರಿಶೀಲನಾ ಸಭೆ. ಕೆಡಿಪಿ ಅಂದರೆ ಒಂದು ನಾಟಕ ಅಂತ ತಮಾಷೆ ಮಾಡುತ್ತಿದ್ದೆವು. ಕೃಷಿ ಅಧಿಕಾರಿ ಎದ್ದು ನಿಂತು ವಾಡಿಕೆ ಮಳೆ ಎಷ್ಟು, ಬಿದ್ದದ್ದೆಷ್ಟು ಅಂತ ಓದುತ್ತಾರೆ, ಹೊರಗೆ ಕಿಟಕಿಯಲ್ಲಿ ಬಿಸಿಲು. ಬಿಇಒ ಫಲಿತಾಂಶ ಓದುತ್ತಾರೆ. ಯಾವುದೋ ಇಲಾಖೆಯ ಅಧಿಕಾರಿ ತಾನು ಬರದೆ ಗುಮಾಸ್ತನನ್ನು ಕಳಿಸಿರುತ್ತಾನೆ, ಅವನ ಮೇಲೆ ಶಾಸಕರು ರೇಗುತ್ತಾರೆ, ಪತ್ರಿಕೆಯವರಿಗೆ ಅದೇ ಸುದ್ದಿ. ‘ಅಧಿಕಾರಿಗಳ ವಿರುದ್ಧ ಶಾಸಕ ಗರಂ.’ ಹತ್ತು ವರ್ಷವೂ ಆ ತಲೆಬರಹ ನೋಡಿದ್ದೇನೆ.

ಆದರೆ ಬಗರ್‌ಹುಕುಂ ಸಮಿತಿ ತಮಾಷೆಯ ವಿಷಯ ಅಲ್ಲ. ಅನುಮತಿ ಇಲ್ಲದೆ ಸರ್ಕಾರಿ ಜಮೀನು ಉಳುಮೆ ಮಾಡಿಕೊಂಡು ಬಂದವರಿಗೆ ಅದನ್ನು ಸಕ್ರಮ ಮಾಡಿಕೊಡುವ ಸಮಿತಿ ಇದು. ಭೂಕಂದಾಯ ಕಾಯ್ದೆಯಲ್ಲೇ ಇದಕ್ಕೆ ಜಾಗ ಇದೆ. ಅಧ್ಯಕ್ಷರು ಶಾಸಕರು, ಕಾರ್ಯದರ್ಶಿ ತಹಶೀಲ್ದಾರ್. ಅರ್ಜಿ ಕರೆದದ್ದು ಮೂರು ಸಲ. 1991ರಲ್ಲಿ ನಮೂನೆ 50, 1998-99ರಲ್ಲಿ ನಮೂನೆ 53, 2018ರಲ್ಲಿ ನಮೂನೆ 57. ನಂಬರು ಕೇಳಿದರೆ ಸಾಕು, ಆ ರೈತ ಎಷ್ಟು ವರ್ಷದಿಂದ ಅಲೆಯುತ್ತಿದ್ದಾನೆ ಅಂತ ಹೇಳಬಹುದು. ಸರ್ಕಾರ ಬದಲಾದರೆ ಸಮಿತಿಯನ್ನು ಹೊಸದಾಗಿ ರಚಿಸಬೇಕು. ಅದಕ್ಕೆ ತಿಂಗಳುಗಳು. ಸಮಿತಿ ಕೂತರೆ ತಹಶೀಲ್ದಾರ್ ವರ್ಗ ಆಗಿರುತ್ತಾರೆ. ಹೊಸ ತಹಶೀಲ್ದಾರ್ ಬಂದರೆ ಸರ್ವೇಯರ್ ಇಲ್ಲ. ಸರ್ವೇಯರ್ ಬಂದು ಅಳೆದರೆ ಅದು ಗೋಮಾಳ. ಗೋಮಾಳ ಅಂದರೆ ಊರಿನ 100 ದನಕ್ಕೆ 30 ಎಕರೆ ಮೇವಿಗೆ ಅಂತ ಬಿಡಬೇಕು, ಅದು ಮಿಕ್ಕಿದರೆ ಮಾತ್ರ ಮಂಜೂರು. ಹಾಗಾಗಿ ಊರಲ್ಲಿ ದನ ಎಷ್ಟಿವೆ ಅನ್ನುವುದರ ಮೇಲೆ ಒಬ್ಬನ ಎರಡು ಎಕರೆ ನಿಂತಿರುತ್ತದೆ. ದನ ಎಣಿಸುವಾಗ ‘ಎಲ್ಲಾ ಮಾರಿಬಿಟ್ವಿ ಸ್ವಾಮಿ’ ಅಂದವರೇ ಬರಗಾಲದಲ್ಲಿ ಮೇವು ಹಂಚುವಾಗ ಎಂಟೆಂಟು ದನ ತೋರಿಸಿದ್ದನ್ನು ನಾನು ಕಂಡಿದ್ದೇನೆ. ಬೈಯಲು ಮನಸ್ಸು ಬರಲಿಲ್ಲ.

ದುಡ್ಡಿನ ವಿಷಯ ಬೇಗ ಹೇಳಿ ಮುಂದೆ ಹೋಗುತ್ತೇನೆ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಅಂತ ವರ್ಷಕ್ಕೆ 2 ಕೋಟಿ. ಶಾಸಕರ ಕೈಗೆ ಅದರಲ್ಲಿ ನಯಾಪೈಸೆ ಬರುವುದಿಲ್ಲ. ಅವರು ಕಾಮಗಾರಿ ಸೂಚಿಸುತ್ತಾರೆ, ಮಂಜೂರಾತಿ ಜಿಲ್ಲಾಧಿಕಾರಿಯದ್ದು. 2 ಕೋಟಿ ದೊಡ್ಡದಾಗಿ ಕೇಳುತ್ತದೆ. 200 ಹಳ್ಳಿಯ ಕ್ಷೇತ್ರ ಅಂತಿಟ್ಟುಕೊಳ್ಳಿ, ಹಳ್ಳಿಗೆ ಒಂದು ಲಕ್ಷ ಬಂತು. ಅದರಲ್ಲಿ ದೇವಸ್ಥಾನದ ಮುಂದೆ ಸಮುದಾಯ ಭವನ ಬೇಕು ಅಂತ ಪ್ರತಿ ಊರೂ ಕೇಳುತ್ತದೆ, ಊರಿನೊಳಗೆ ಪ್ರತಿ ಜಾತಿಯೂ ಕೇಳುತ್ತದೆ. ಮಿಕ್ಕ ದೊಡ್ಡ ಕಾಮಗಾರಿಗೆಲ್ಲ ಇಲಾಖೆಗಳ ಅನುದಾನವೇ ಗತಿ, ಅದಕ್ಕೆ ಮಂತ್ರಿಗಳ ಹತ್ತಿರ ಓಡಬೇಕು. ಹಣ ಬಂದರೆ ಗುದ್ದಲಿ ಪೂಜೆ. ಒಂದೇ ರಸ್ತೆಗೆ ಎರಡು ಸಲ ಗುದ್ದಲಿ ಪೂಜೆ ಮಾಡಿದ್ದೂ ಉಂಟು, ಒಂದು ಸಲ ಹಳಬರು, ಇನ್ನೊಂದು ಸಲ ಹೊಸಬರು. ಎರಡು ಸಲವೂ ತೆಂಗಿನಕಾಯಿ ಹಿಡಿದುಕೊಂಡಿದ್ದವನು ನಾನೇ.

ಶನಿವಾರ ಭಾನುವಾರ ಬಿಡುವು ಅಂದುಕೊಂಡಿದ್ದೀರಾ? ಅವೇ ಭಾರಿ ದಿನ. ಮಾಘ ಫಾಲ್ಗುಣದಲ್ಲಿ, ವೈಶಾಖದಲ್ಲಿ ಒಂದೊಂದು ಮುಹೂರ್ತದ ದಿನ ಹತ್ತು ಹದಿನೈದು ಮದುವೆ. ನಾನು ಹಿಂದಿನ ರಾತ್ರಿ ಲಗ್ನಪತ್ರಿಕೆಗಳನ್ನು ನೆಲದ ಮೇಲೆ ಹರಡಿ, ರಸ್ತೆಯ ಪ್ರಕಾರ ಜೋಡಿಸಿ, ಯಾವ ಛತ್ರಕ್ಕೆ ಎಷ್ಟು ಹೊತ್ತಿಗೆ ಅಂತ ಗುರುತು ಹಾಕಿಕೊಳ್ಳುತ್ತಿದ್ದೆ. ಊಟ ಮಾತ್ರ ಒಂದೇ ಕಡೆ. ಎಲ್ಲಿ ಕೂತು ಉಂಡರು ಅನ್ನುವುದು ಕೂಡ ರಾಜಕೀಯ. ಮದುವೆಗೆ ತಪ್ಪಿಸಿಕೊಂಡರೂ ಜನ ಮನ್ನಿಸುತ್ತಾರೆ, ಸಾವಿಗೆ ಹೋಗದಿದ್ದರೆ ಇಲ್ಲ. ನನ್ನ ಮೊದಲನೆಯ ಸಾಹೇಬರು ಮಣ್ಣಿಗೆ ಹೋಗುವುದನ್ನು ಎಂದೂ ತಪ್ಪಿಸಲಿಲ್ಲ. ಹೋದರೆ ಹೆಣದ ತಲೆದೆಸೆಯಲ್ಲಿ ಎರಡು ನಿಮಿಷ ಸುಮ್ಮನೆ ನಿಂತು, ಮನೆಯವರ ಪಕ್ಕ ನೆಲದ ಮೇಲೆ ಕೂರುತ್ತಿದ್ದರು. ಇದೆಲ್ಲ ವೋಟಿಗಾಗಿ ಅಂತ ನೀವು ನಗಬಹುದು. ವೋಟಿಗೂ ಹೌದು. ಆದರೆ ಸಾವಿನ ಮನೆಯಲ್ಲಿ ಜನ ಸುಳ್ಳು ಹೇಳುವುದಿಲ್ಲ. ಆಂಬುಲೆನ್ಸ್ ಎಷ್ಟು ಹೊತ್ತಿಗೆ ಬಂತು, ಸ್ಮಶಾನಕ್ಕೆ ದಾರಿ ಇದೆಯೋ ಇಲ್ಲವೋ ಅನ್ನುವುದು ಅಲ್ಲಿ ತಿಳಿದಷ್ಟು ಯಾವ ಕೆಡಿಪಿಯಲ್ಲೂ ತಿಳಿಯಲಿಲ್ಲ.

ಇನ್ನು ವಾರದಲ್ಲಿ ಎರಡು ದಿನ, ಕೆಲವು ಸಲ ಮೂರು ದಿನ ಬೆಂಗಳೂರು. ಶಾಸಕರ ಭವನದ ಕೋಣೆಗೂ ಅಂಗಳ ಹಿಂಬಾಲಿಸಿಕೊಂಡು ಬರುತ್ತಿತ್ತು, ಊರಿನವರು ನಾಲ್ಕು ಜನ ಅಲ್ಲಿಯೂ ಮಂಚದ ಮೇಲೆ ಕೂತಿರುತ್ತಿದ್ದರು. ವಿಧಾನಸೌಧದಲ್ಲಿ ಮಂತ್ರಿಗಳ ಕೊಠಡಿಯ ಹೊರಗೆ ಕಾಯುವಾಗ ಶಾಸಕರನ್ನು ನೋಡಬೇಕು ನೀವು. ನಮ್ಮ ಅಂಗಳದಲ್ಲಿ ಜನ ಅವರ ಮುಂದೆ ನಿಲ್ಲುತ್ತಿದ್ದ ಹಾಗೆಯೇ ಅವರು ಅಲ್ಲಿ ನಿಂತಿರುತ್ತಿದ್ದರು, ಕೈಯಲ್ಲಿ ಕಾಗದ. ಮಂತ್ರಿಗಳು ಮೇಲೆ ಒಂದು ಟಿಪ್ಪಣಿ ಬರೆದುಕೊಟ್ಟರೆ ಆ ದಿನ ಗೆದ್ದ ಹಾಗೆ. ಆ ಟಿಪ್ಪಣಿಯಲ್ಲೂ ‘ನಿಯಮಾನುಸಾರ’ ಇದ್ದರೆ ಲಿಫ್ಟಿನಲ್ಲೇ ಮುಖ ಬಾಡುತ್ತಿತ್ತು.

ಸದನಕ್ಕೆ ಬರೋಣ. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಸಬೇಕು ಅಂತ ನಮ್ಮ ರಾಜ್ಯವೇ 2005ರಲ್ಲಿ ಕಾಯ್ದೆ ಮಾಡಿಕೊಂಡಿದೆ. ಹೆಚ್ಚಿನ ವರ್ಷಗಳಲ್ಲಿ ಅಷ್ಟು ನಡೆದಿಲ್ಲ. ನಡೆದ ದಿನಗಳಲ್ಲೂ ಗದ್ದಲಕ್ಕೆ ಹೋದದ್ದು ಎಷ್ಟೋ. ಅಧಿವೇಶನ ಇದ್ದಾಗಲೂ ನಮ್ಮ ಸಾಹೇಬರ ಮೊಬೈಲಿಗೆ ‘ಟಿಸಿ ಸುಟ್ಟಿದೆ’ ಅಂತಲೇ ಮೆಸೇಜು. ಒಂದು ಮಧ್ಯಾಹ್ನ ಯಾವುದೋ ವಿಧೇಯಕದ ಪ್ರತಿಯ ಹಿಂಬದಿಯಲ್ಲಿ ಅವರು ವಿದ್ಯುತ್ ಕಂಪನಿಯ ಎಂಜಿನಿಯರ್ (ಎಇಇ) ನಂಬರು ಬರೆದುಕೊಂಡು ಬಂದಿದ್ದರು. ವಿಧೇಯಕ ಯಾವುದು ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ನನಗೆ ಬುದ್ಧಿ ಬಂದದ್ದು ಎರಡನೆಯ ಅವಧಿಯಲ್ಲಿ. ಅಂಗಳಕ್ಕೆ ಬಂದವರ ಹೆಸರು, ಊರು, ಕೆಲಸವನ್ನು ಒಂದು ಲಾಂಗ್ ಬುಕ್ಕಿನಲ್ಲಿ ಬರೆದುಕೊಳ್ಳುವುದು ಮೊದಲಿನಿಂದ ಇತ್ತು. ಕೆಲಸ ಆದರೆ ಗೀಟು ಹೊಡೆಯುವುದು, ಅಷ್ಟೇ. ಒಂದು ದಿನ ಕರೆಂಟಿಲ್ಲದ ಸಂಜೆ ಸುಮ್ಮನೆ ಪುಟ ತಿರುವುತ್ತಾ, ಇವನ್ನು ಇಲಾಖೆವಾರು ಎಣಿಸಿದರೆ ಹೇಗೆ ಅನ್ನಿಸಿತು. ಎಣಿಸಿದೆ. ಅರ್ಧಕ್ಕಿಂತ ಹೆಚ್ಚು ಕಂದಾಯ ಇಲಾಖೆಯವು, ಅದರಲ್ಲೂ ಬಗರ್‌ಹುಕುಂ, ಪೋಡಿ (ಜಮೀನು ಅಳೆದು ಬೇರೆ ಮಾಡಿಕೊಡುವುದು), ಪಹಣಿ ತಿದ್ದುಪಡಿ. ನಾವು ವರ್ಷಗಳಿಂದ ಒಬ್ಬೊಬ್ಬರಿಗೆ ಒಂದೊಂದು ಲೆಟರು ಕೊಟ್ಟು ಕಳಿಸುತ್ತಿದ್ದೆವು. ಎಲ್ಲರದೂ ಒಂದೇ ರೋಗ ಅಂತ ಒಬ್ಬರೂ ಕೂಡಿಸಿ ನೋಡಿರಲಿಲ್ಲ. ಆ ಪುಸ್ತಕವನ್ನು ಶಾಸಕರ ಮುಂದಿಟ್ಟೆ. ಅವರು ಓದುವವರಲ್ಲ, ಆದರೆ ಲೆಕ್ಕಕ್ಕೆ ಚುರುಕು. ‘ಇದನ್ನ ಪ್ರಶ್ನೆ ಮಾಡು’ ಅಂದರು.

ಸದನದ ಪ್ರಶ್ನೆಯಲ್ಲಿ ಎರಡು ಬಗೆ, ನಿಮಗೆ ಗೊತ್ತಿರಬೇಕು. ಚುಕ್ಕೆ ಗುರುತಿನದ್ದಕ್ಕೆ ಮಂತ್ರಿ ಎದ್ದು ಉತ್ತರ ಕೊಡಬೇಕು, ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. ನಮ್ಮದು ಚುಕ್ಕೆ ಇಲ್ಲದ್ದು. ಅ, ಆ, ಇ ಅಂತ ವಿಂಗಡಿಸಿ ಬರೆದೆ. ಅ, ತಾಲ್ಲೂಕಿನಲ್ಲಿ ನಮೂನೆ 53ರ ಅರ್ಜಿಗಳು ಇತ್ಯರ್ಥವಾಗದೆ ಉಳಿದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಆ, ಬಂದಿದ್ದಲ್ಲಿ ಹೋಬಳಿವಾರು ಬಾಕಿ ಎಷ್ಟು? ಇ, ಬಾಕಿಗೆ ಕಾರಣವೇನು? ಉತ್ತರ ಬಂತು. ಅ ಎದುರಿಗೆ ‘ಬಂದಿದೆ’. ಆ ಎದುರಿಗೆ ಒಂದು ಪಟ್ಟಿ. ಇ ಎದುರಿಗೆ ‘ನಿಯಮಾನುಸಾರ ಕ್ರಮ ಕೈಗೊಳ್ಳಲಾಗುತ್ತಿದೆ’. ಓದಿ ನಾನು ಜೋರಾಗಿ ನಕ್ಕೆ, ಪಕ್ಕದ ಶಾಸಕರ ಪಿಎ ಏನಾಯ್ತು ಅಂತ ಕೇಳಿದ.

ಆದರೆ ಉತ್ತರಕ್ಕಿಂತ ಮುಂಚೆ ಊರಲ್ಲಿ ಒಂದು ನಡೆದಿತ್ತು. ಆ ಪಟ್ಟಿ ತಯಾರಿಸಬೇಕಲ್ಲ? ‘ಎಲ್‌ಎ ಪ್ರಶ್ನೆ (ವಿಧಾನಸಭೆಯ ಪ್ರಶ್ನೆ), ಅರ್ಜೆಂಟ್’ ಅಂತ ಬೆಂಗಳೂರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕು ಕಚೇರಿಗೆ ಫೋನು ಬಂದಿದೆ. ಎಷ್ಟೋ ವರ್ಷ ಬಾಗಿಲು ಹಾಕಿದ್ದ ದಾಖಲೆ ಕೋಣೆ ತೆಗೆದು, ಗಂಟು ಬಿಚ್ಚಿ, ರಾತ್ರಿ ಹನ್ನೊಂದರವರೆಗೆ ಕೂತು ಎಣಿಸಿದ್ದಾರೆ. ಮಾರನೆಯ ದಿನ ಅಲ್ಲಿನ ಕೇಸ್ ವರ್ಕರ್ ಹುಡುಗ ನನಗೆ ಫೋನ್ ಮಾಡಿದ. ‘ಸಾರ್, ಒಂದು ಅರ್ಜಿ ಯಾವ ಪಟ್ಟಿಗೂ ಸೇರಿಲ್ಲ. ಅರ್ಜಿಯಲ್ಲಿ ಸರ್ವೆ ನಂಬರ್ 121 ಅಂತಿದೆ, ರಿಜಿಸ್ಟರಿನಲ್ಲಿ 112 ಅಂತ ಬರೆದುಬಿಟ್ಟಿದ್ದಾರೆ. 112 ಯಾರದೋ ಹಿಡುವಳಿ ಜಮೀನು. ಅದಕ್ಕೇ ಪ್ರತಿ ಸಲ ಅರ್ಹವಲ್ಲ ಅಂತ ಬಿಟ್ಟುಹೋಗಿದೆ.’ ಹೆಸರು ಕೇಳಿದೆ. ಗೊಬ್ಬರದ ಚೀಲದ ಯಜಮಾನರು.

ಅವರಿಗೆ ನಾನು ಎರಡೂ ಅವಧಿ ಸೇರಿ ಆರು ಲೆಟರು ಕೊಟ್ಟಿದ್ದೆ. ಆರರಲ್ಲೂ ‘ನಿಯಮಾನುಸಾರ’. ಅವರ ಲಕೋಟೆಯಲ್ಲಿದ್ದ ಸ್ವೀಕೃತಿ ಚೀಟಿಯಲ್ಲಿ 121 ಅಂತ ಸ್ಪಷ್ಟವಾಗಿಯೇ ಇತ್ತು. ತಾಲ್ಲೂಕು ಕಚೇರಿ ನಮ್ಮ ಮನೆಯಿಂದ ಐದು ನಿಮಿಷದ ದಾರಿ. ಒಂದು ಸಲ ಆ ಚೀಟಿ ಹಿಡಿದುಕೊಂಡು ಹೋಗಿ ರಿಜಿಸ್ಟರಿನ ಜೊತೆ ಇಟ್ಟು ನೋಡಿದ್ದರೆ ಆಗುತ್ತಿತ್ತು. ನಾನು ಹೋಗಲಿಲ್ಲ. ಲೆಟರು ಕೊಟ್ಟರೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ.

ಮುಂದಿನ ಸಭೆಯಲ್ಲಿ ಅರ್ಜಿ ಬಂತು, ಪಾಸಾಯಿತು. ಸಾಗುವಳಿ ಚೀಟಿಯನ್ನು, ಅಂದರೆ ಜಮೀನು ಮಂಜೂರಾದ ಪತ್ರವನ್ನು, ಶಾಸಕರು ವೇದಿಕೆಯ ಮೇಲೆ ಹಂಚಿದರು, ಫೋಟೋ ಆಯಿತು. ಯಜಮಾನರು ಚೀಟಿಯನ್ನು ಹಣೆಗೊತ್ತಿಕೊಂಡು, ಅಲ್ಲೇ ಮೆಟ್ಟಿಲ ಮೇಲೆ ಕೂತು, ಲಕೋಟೆಗೆ ಹಾಕಿ, ಕವರಿಗೆ ಹಾಕಿ, ಕೈಚೀಲಕ್ಕೆ ಹಾಕಿಕೊಂಡರು. ನಾನು ಹತ್ತಿರ ಹೋಗಿ ‘ಆಯ್ತಲ್ಲ ಯಜಮಾನ್ರೇ’ ಅಂದೆ. ‘ಆಯ್ತು ಸ್ವಾಮಿ’ ಅಂದರು.

ಮುಂದಿನ ಸೋಮವಾರ ಬೆಳಿಗ್ಗೆ ಆರೂವರೆಗೆ ಅಂಗಳದಲ್ಲಿ ಮತ್ತೆ ಅದೇ ಕೈಚೀಲ. ಏನು ಅಂತ ಕೇಳಿದರೆ, ‘ಪೋಡಿ ಆಗ್ಬೇಕಂತಲ್ಲ ಸ್ವಾಮಿ.’ ಲೆಟರ್‌ಹೆಡ್ಡಿಗೆ ಕೈ ಹಾಕಿದವನು ಬಿಟ್ಟೆ. ‘ಬನ್ನಿ, ಸರ್ವೇ ಆಫೀಸಿಗೆ ಇಬ್ಬರೂ ಹೋಗೋಣ’ ಅಂತ ಚಪ್ಪಲಿ ಮೆಟ್ಟಿದೆ.